ಖಾನಾಪುರದವರೆಗಿನ ಹಡಗು

ವಡಗಾವಿಯ ಸತ್ಯಪ್ಪ ಮೊಳದುದ್ದದ ಮರದ ಹಡಗು ಕಟ್ಟುತ್ತಾನೆ, ಸಮುದ್ರವನ್ನು ಮಾತ್ರ ಕಂಡವನಲ್ಲ. ನೋಡಿ ಬರೋಣವೆಂದು ಹೆಂಡತಿ ರೇಣವ್ವನೊಂದಿಗೆ ಗೋವಾ ಬಸ್ಸು ಹತ್ತಿದಾಗಲೆಲ್ಲ ಹೊಟ್ಟೆ ತೊಳಸಿ ಖಾನಾಪುರದಲ್ಲೇ ಇಳಿದುಬಿಡುತ್ತಾನೆ. ಬರಿಗೈಲಿ ಮರಳುವುದು ಹೇಗೆಂದು ಅಲ್ಲಿಯ ಕಟ್ಟಿಗೆ ಅಡ್ಡೆಯಿಂದ ಸಾಗವಾನಿಯ ಒಂದು ತುಂಡು ತರುತ್ತಾನೆ. ಒಂದು ಪ್ರಯಾಣಕ್ಕೆ ಹಡಗಿನ ತಳವಾಯಿತು, ಇನ್ನೊಂದಕ್ಕೆ ಪಕ್ಕೆಲುಬು, ಮತ್ತೊಂದಕ್ಕೆ ಹಾಯಿಗಂಬ. “ನಮ್ಮನಿಯವರು ಇನ್ನೊಂದೆರಡ ಸಲ ವಾಂತಿ ಮಾಡ್ಕೊಂಡ್ರ ಹಡಗ ತಯಾರ ನೋಡ್ರಿ!” ಎಂದು ರೇಣವ್ವ ಓಣಿಗೆಲ್ಲ ಸಾರುತ್ತಾಳೆ. “ಬಸ್ಸಿನ ಮಾತ ಬ್ಯಾರೆ. ಖರೇ ಹಡಗಿನ್ಯಾಗ ನನಗೇನೂ ಆಗೂದಿಲ್ಲ,” ಎಂದು ಸತ್ಯಪ್ಪ ಮೀಸೆ ತಿರುವುತ್ತಾನೆ. ಮೊನ್ನೆ ಹಡಗು ಮುಗಿಯಿತು. ರೇಣವ್ವ ಬಗ್ಗಿ ನೋಡಿದಳು. ಹಡಗಿನ ಮೇಲೆ ಕಿರುಬೆರಳಷ್ಟು ಎತ್ತರದ ಎರಡು ಗೊಂಬೆಗಳು. ಮೀಸೆಯದು ಅಂಚಿಗೆ ಬಾಗಿ ಕಕ್ಕುತ್ತಿತ್ತು. ಸೆರಗು ಸಿಕ್ಕಿಸಿಕೊಂಡದ್ದು ಅದರ ಬೆನ್ನು ನೀವುತ್ತಿತ್ತು.