ಕಾರಿನ ಬಾಗಿಲಲ್ಲಿದ್ದ ಪೌಡರು

ಮೊನ್ನೆ ಶಿವಮೊಗ್ಗದ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಎಡಬಾಗಿಲನ್ನು ಬಿಚ್ಚಿದಾಗ ಗ್ರೀಸಿನ ವಾಸನೆ ಬರಬೇಕಿತ್ತು. ಬಂದದ್ದು ಮುಖಕ್ಕೆ ಹಚ್ಚುವ ಪೌಡರಿನ ಘಮ. ಗಾಜು ಓಡಾಡುವ ರಬ್ಬರಿನ ಸಂದಿಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದ ಅದನ್ನು ಮೆಕ್ಯಾನಿಕ್ ಬೆರಳಲ್ಲಿ ಕೆರೆದು, ಮೂಸಿ, ನನ್ನ ಮುಖ ನೋಡಿದ. ಕಾರಿಗೂ ಶೃಂಗಾರ ಮಾಡುವ ಮನುಷ್ಯ ಎಂದುಕೊಂಡಿರಬೇಕು. ನನಗೆ ಬಳೆ ಅಂಗಡಿ ಖಾಲಾ ನೆನಪಾಗಿದ್ದರು...

ಬೀದಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ರವೀಂದ್ರನಗರದಲ್ಲಿ ನಮ್ಮ ಪಕ್ಕದ ಮನೆಯವರು. ಪೇಟೆಯಲ್ಲಿ ಬಳೆಯ ಅಂಗಡಿ. ಎಂಥ ಬಿಗಿ ಬಳೆಯನ್ನಾದರೂ ಒಡೆಯದೆ ಕೈಗೇರಿಸುವವರೆಂದು ಹೆಸರು. ಒಂದು ಕಣ್ಣು ಮೊದಲೇ ಕೈಕೊಟ್ಟಿತ್ತು. ಇನ್ನೊಂದಕ್ಕೂ ಪೊರೆ ಬಂದು, ಹಸಿರು ಬಳೆ ಕೇಳಿದವರಿಗೆ ನೀಲಿ ತೊಡಿಸಿ ಕಳಿಸತೊಡಗಿದಾಗ ಆಪರೇಷನ್ ಆಯಿತು. ಗಾಳಿ, ಧೂಳು ತಾಗಿದರೆ ಇರುವ ಕಣ್ಣೂ ಹೋದೀತೆಂದು ಡಾಕ್ಟರು ಹೆದರಿಸಿದ್ದರು. ಅವರನ್ನು ಭದ್ರಾವತಿಯ ಮಗಳ ಮನೆಗೆ ಮುಟ್ಟಿಸುವ ಗುರುತರ ಹೊಣೆ ನನ್ನ ಕಾರಿನ ಮೇಲೆ ಬಿತ್ತು. ಬಟನ್ ಒತ್ತಿದರೆ ಗಾಜು ಏರುವ ಕಾರು ನಮ್ಮ ಬೀದಿಯಲ್ಲಿ ಆಗ ಅದೊಂದೇ. ಆ ಗರ್ವವೂ ನನಗಿತ್ತು.

ಅರ್ಧ ದಾರಿಯಲ್ಲಿ ಖಾಲಾ ಎಲೆಅಡಿಕೆ ಉಗಿಯಲು ಗಾಜು ಇಳಿಸಿದರು. ಉಗಿದದ್ದಾಯಿತು, ಗಾಜು ಮಾತ್ರ ಮೇಲೆ ಬರಲಿಲ್ಲ. ಎದುರಿನಿಂದ ಲಾರಿಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಖಾಲಾ ಆಪರೇಷನ್ ಆದ ಕಣ್ಣಿಗೆ ಕಟ್ಟಿದ್ದ ಹಸಿರು ಬಟ್ಟೆಯ ಮೇಲೆ ಸೆರಗನ್ನು ಒತ್ತಿಕೊಂಡರು. ನಾನು ಮುಚ್ಚಿದ ಗೂಡಂಗಡಿಯೊಂದರ ಮರೆಯಲ್ಲಿ ಕಾರು ನಿಲ್ಲಿಸಿ ಬಟನ್ ಒತ್ತಿದೆ. ಒತ್ತುತ್ತಲೇ ಇದ್ದೆ. ಗಾಜನ್ನು ಎರಡೂ ಅಂಗೈಯಲ್ಲಿ ಹಿಡಿದು ಜಗ್ಗಿದೆ. ಮೊದಲು ನರಳುತ್ತಿದ್ದ ಮೋಟಾರು ಕಡೆಗೆ ನರಳುವುದನ್ನೂ ನಿಲ್ಲಿಸಿತು. ನಂಬಿ ಕೂತವರ ಕಣ್ಣು ನನ್ನ ಕಾರಿನಿಂದ ಹೋಗುತ್ತದೆಂದು ಹೆದರಿ ಮತ್ತೆ ಗಾಜಿಗೆ ಕೈ ಹಾಕಿದೆ.

"ಕೈ ತೆಗಿ ಬೇಟಾ. ಗಾಜಿನ ವಿಷಯ ನಂಗೆ ಹೇಳ್ಕೊಡ್ಬೇಡ. ಜಗ್ಗಿದ್ರೆ ಒಡೆಯುತ್ತೆ."

ಬಿಗಿ ಬಳೆ ಜಾರಲೆಂದು ಖಾಲಾ ಚೀಲದಲ್ಲಿ ಸದಾ ಇಟ್ಟಿರುತ್ತಿದ್ದ ಪೌಡರ್ ಡಬ್ಬಿ ಹೊರಬಂತು. ಅವರು ಹೇಳಿದಂತೆ ರಬ್ಬರಿನ ಸಂದಿಗೆ ಸುರಿದೆ. ಇನ್ನು ಒತ್ತಲೇ ಎಂದರೆ ಬೇಡವೆಂದರು. ಬಳೆ ತೊಡುವ ಹುಡುಗಿಗೆ ತನ್ನ ಕೈಯ ನೆನಪಿರುವ ತನಕ ಬಳೆ ಏರುವುದಿಲ್ಲವಂತೆ, ಮಾತಾಡಿಸಿ ಮರೆಸಬೇಕಂತೆ. ಹಾಗಾಗಿ ನನ್ನ ಕಾರಿಗೂ ಕತೆ ಶುರುವಾಯಿತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮದುಮಗಳೊಬ್ಬಳು ಮುಷ್ಟಿ ಬಿಗಿಹಿಡಿದು ಕೂತದ್ದು, ಮನೆಮಂದಿಯೆಲ್ಲ ಬೇಡಿ ಸೋತದ್ದು, ಖಾಲಾ ಅವಳ ಅತ್ತೆಯಾಗುವವಳ ನಡಿಗೆಯನ್ನು ಅಣಕಿಸಿದಾಗ ನಕ್ಕು ಮುಷ್ಟಿ ಬಿಟ್ಟದ್ದು... ಕತೆಗೆ ಉಪಕತೆ, ಅದಕ್ಕೊಂದು ಮರಿ. ನಡುವೆ ಬಟನ್ನಿನ ಕಡೆ ಹೋದ ನನ್ನ ಬೆರಳಿಗೆ, ಕಣ್ಣು ಕಟ್ಟಿದ್ದರೂ ಗುರಿ ತಪ್ಪದೆ, ಏಟೂ ಬಿತ್ತು.

"ಹಾಂ, ಈಗ ಒತ್ತು. ಮೆಲ್ಲಗೆ."

ಗಾಜು ಏರಿತು. ಪಟ್ಟಕ್ಕೇರುವ ರಾಜನ ಗಾಂಭೀರ್ಯದಿಂದ, ಒಂದಿಷ್ಟೂ ಅವಸರವಿಲ್ಲದೆ ಏರಿ ಮುಚ್ಚಿಕೊಂಡಿತು. ನಾನು ಸರಿಯಾಗಿ ಉಸಿರಾಡಿದ್ದು ಮಗಳ ಮನೆಯ ಗೇಟಿನ ಮುಂದೆ.

ಕೆಲವು ವಾರಗಳ ಮೇಲೆ ಖಾಲಾ ಅಂಗಡಿಗೆ ಮರಳಿದರು. ನನ್ನ ಹೆಂಡತಿಗೆಂದು ಕೊಟ್ಟ ಹಸಿರು ಬಳೆ ಹಸಿರಾಗಿಯೇ ಇತ್ತು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಅಂಗಿ ನಿಂಗೆ ಒಪ್ಪಲ್ಲ ಮಾರಾಯ," ಎಂದರು. "ಇಷ್ಟು ದಿನ ಕಾಣ್ತಿರ್ಲಿಲ್ಲ, ಹೇಳ್ಲಿಲ್ಲ." ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಇದನ್ನೆಲ್ಲ ಕೇಳಿದ ಮೆಕ್ಯಾನಿಕ್ ನಕ್ಕ.

"ಒಂದೇ ಸಮ ಒತ್ತಿದ್ರೆ ಮೋಟಾರ್ ಬಿಸಿಯಾಗಿ ನಿಂತ್ಬಿಡುತ್ತೆ ಸಾರ್. ಮುಟ್ದೆ ಬಿಟ್ರೆ ತಣ್ಣಗಾಗಿ ತಾನೇ ಏಳುತ್ತೆ. ಪೌಡರಿಂದೇನೂ ಅಷ್ಟು ಆಗ್ಲಿಲ್ಲ. ಅವ್ರು ನಿಮ್ಮನ್ನ ಮುಟ್ಟಕ್ಕೆ ಬಿಡ್ಲಿಲ್ವಲ್ಲ, ಅದ್ರಿಂದ ಆಯ್ತು."

ಎಂದರೆ ಗಾಜನ್ನು ಏರಿಸಿದ್ದು ಆ ಕತೆಯೇ. ಇದನ್ನು ಖಾಲಾಗೆ ಹೇಳಿದ್ದರೆ, ನಾನು ಹೇಳಿದ್ದೂ ಅದೇ ಅಲ್ಲವೇ ಎನ್ನುತ್ತಿದ್ದರು. ಹೇಳಲು ಅವರಿಲ್ಲ. ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಆ ಕಣ್ಣು ಚೆನ್ನಾಗಿತ್ತು.

ಈಗ ಹೊಸ ಮೋಟಾರು ಕೂತಿದೆ. ಸಂದಿಯನ್ನು ಮೆಕ್ಯಾನಿಕ್ ಒರೆಸಿ ಚೊಕ್ಕಟ ಮಾಡಿದ್ದಾನೆ. ಬಟನ್ ಮುಟ್ಟಿದರೆ ಸಾಕು, ಗಾಜು ಸರ್ರನೆ ಏರುತ್ತದೆ. ನಿಶ್ಚಿಂತೆ. ಇನ್ನು ಕಾರಿಗೆ ಯಾರೂ ಕತೆ ಹೇಳಬೇಕಾಗಿಲ್ಲ...