ತೂಕ ಹೆಚ್ಚಿಸಿಕೊಂಡ ಹುಡುಗರು

ಬಹ್ರೇನಿಗೆ ಬಂದ ಮೊದಲ ವಾರ ನನಗೆ ಒಪ್ಪಿಸಿದ ಕೆಲಸ ಹುಡುಗರನ್ನು ದಪ್ಪ ಮಾಡುವುದು. ತಮಾಷೆಯಲ್ಲ. ಕೋಚ್ ರೇ ಎಂಬ ಅಮೆರಿಕದ ಮನುಷ್ಯ, ಬಾಗಿಲಲ್ಲಿ ನಿಂತರೆ ಗಾಳಿ ಒಳಗೆ ಬರದಷ್ಟು ಅಗಲದವನು, ನನ್ನ ಕೈಗೆ ಬೇಯಿಸಿದ ಮೊಟ್ಟೆಗಳ ಡಬ್ಬಿಯೊಂದನ್ನು ಕೊಟ್ಟು ಮೈದಾನದ ಅಂಚಿನಲ್ಲಿ ಕೂತಿದ್ದ ನಾಲ್ಕು ಹುಡುಗರನ್ನು ತೋರಿಸಿದ. "ಇವರು ನಿನ್ನವರು. ಚಳಿಗಾಲದ ಆಟ ಶುರುವಾಗುವುದರೊಳಗೆ ಇವರೆಲ್ಲ ಇನ್ನಷ್ಟು ದೊಡ್ಡವರಾಗಬೇಕು," ಅಂದ. ಸೆಪ್ಟೆಂಬರಿನ ಸಂಜೆ, ಸೂರ್ಯ ಮುಳುಗಿದರೂ ನೆಲದಿಂದ ಬಿಸಿ ಏಳುತ್ತಿತ್ತು. ಆ ಸೆಕೆಯಲ್ಲಿ ನೀರು ಬಿಟ್ಟರೆ ಇನ್ನೇನೂ ಗಂಟಲಿಗೆ ಇಳಿಯದು, ಇವನು ಮೊಟ್ಟೆ ತಿನ್ನಿಸು ಅನ್ನುತ್ತಾನೆ.

ನನ್ನ ಕಷ್ಟ ನಿಮಗೆ ಅರ್ಥವಾಗಬೇಕಾದರೆ ನಾನು ಊರಲ್ಲಿ ಏನು ಮಾಡುತ್ತಿದ್ದೆ ಎಂದು ಹೇಳಬೇಕು. ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಮಾಸ್ತರ, ಕಬಡ್ಡಿ ತಂಡ ನನ್ನ ಜೀವ. ಕಬಡ್ಡಿಯಲ್ಲಿ ಎಂಬತ್ತೈದು ಕಿಲೋ ದಾಟಿದವನಿಗೆ ಅಂಕಣದ ಒಳಗೆ ಜಾಗವಿಲ್ಲ. ಪಂದ್ಯದ ಹಿಂದಿನ ದಿನ ಹುಡುಗರನ್ನು ಉಪವಾಸ ಕೆಡವಿ, ಸ್ವೆಟರ್ ಹಾಕಿಸಿ ಮಧ್ಯಾಹ್ನದ ಬಿಸಿಲಿಗೆ ಓಡಿಸಿ, ಬೆವರು ಹಿಂಡಿ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದವನು ನಾನು. ಹಾಸ್ಟೆಲಿನ ಅಡುಗೆಯವನಿಗೆ, "ಈ ಹುಡುಗನಿಗೆ ಎರಡನೇ ಸಲ ಅನ್ನ ಹಾಕಿದರೆ ನೋಡು ಮತ್ತೆ" ಎಂದು ಬೈದವನು. ಇಲ್ಲಿ ನನ್ನ ಕೈಯಲ್ಲಿ ಮೊಟ್ಟೆಯ ಡಬ್ಬಿ.

ಕೆಲಸಕ್ಕೆ ಕರೆದಾಗ "ಕ್ರೀಡಾ ವಿಭಾಗದ ಸಹಾಯಕ" ಎಂದಿದ್ದರು. ಕ್ರಿಕೆಟ್ಟೋ ವಾಲಿಬಾಲೋ ಇರಬಹುದು ಅಂದುಕೊಂಡು ಬಂದೆ. ಬಂದು ನೋಡಿದರೆ ಈ ಖಾಸಗಿ ಕಾಲೇಜಿನವರಿಗೆ ಅಮೆರಿಕದ ಫುಟ್‌ಬಾಲಿನ ಹುಚ್ಚು. ಹೆಸರು ಫುಟ್‌ಬಾಲ್, ಕಾಲಿನ ಕೆಲಸ ಬಹಳ ಕಡಿಮೆ. ಹೆಲ್ಮೆಟ್ಟು, ಭುಜಕ್ಕೆ ದಪ್ಪ ರಕ್ಷಾಕವಚ, ಎರಡು ತುದಿ ಚೂಪಾದ ಚೆಂಡು. ನನ್ನ ನಾಲ್ವರು ಡಿಫೆನ್ಸ್ ಲೈನಿನವರು. ಎದುರಾಳಿಯ ಮೂಗಿಗೆ ಮೂಗು ತಾಗುವ ಹಾಗೆ ಒಂದು ಕೈ ನೆಲಕ್ಕೆ ಊರಿ ಕೂರುವುದು, ಚೆಂಡು ಅಲುಗಿದ ಕೂಡಲೇ ಎದುರಿನವನನ್ನು ತಳ್ಳಿಕೊಂಡು ಒಳನುಗ್ಗಿ, ಚೆಂಡು ಹಿಡಿದವನನ್ನು ಬೀಳಿಸುವುದು. ಇಷ್ಟೇ ಅವರ ಕೆಲಸ. ಗೋಲು ಹೊಡೆಯುವ ಭಾಗ್ಯ ಇಲ್ಲ, ಪೇಪರಿನಲ್ಲಿ ಫೋಟೋ ಬರುವುದಿಲ್ಲ. ನಮ್ಮ ಕಬಡ್ಡಿಯ ಮೂಲೆ ಹುಡುಗರ ಹಣೆಬರಹವೂ ಅದೇ, ಹಾಗಾಗಿ ನನಗೆ ಅವರ ಮೇಲೆ ಮೊದಲ ದಿನವೇ ಪ್ರೀತಿ ಬಂತು.

ಉಳಿಯಲು ಸಲ್ಮಾನಿಯಾ ಎಂಬ ಬಡಾವಣೆಯಲ್ಲಿ ಒಂದು ಕೋಣೆ ಸಿಕ್ಕಿತು. ದೊಡ್ಡ ಆಸ್ಪತ್ರೆಯ ಹಿಂದಿನ ಬೀದಿ. ಶಿಫ್ಟ್ ಬದಲಾಗುವ ಹೊತ್ತಿಗೆ ಕಿಟಕಿಯ ಕೆಳಗೆ ಮಲಯಾಳ, ಕೊಂಕಣಿ, ತಮಿಳು ಎಲ್ಲ ಒಟ್ಟಿಗೆ ಹರಿದುಹೋಗುತ್ತಿದ್ದವು. ಒಲೆಯಿಂದ ಆಗಷ್ಟೇ ತೆಗೆದ ಖುಬ್ಸ್, ಅಂದರೆ ಇಲ್ಲಿನ ಅಗಲವಾದ ರೊಟ್ಟಿ, ಬಿಸಿ ಇರುವಾಗ ಅಮೃತ, ಆರಿದರೆ ಚಪ್ಪಲಿ. ಊರಲ್ಲಿ ಅಂಗಡಿಗೆ ಹೋದರೆ ಬೇಡವೆಂದರೂ ಮಾತಾಡಿಸುತ್ತಾರೆ. ಇಲ್ಲಿ ಒಂದಿಡೀ ಶುಕ್ರವಾರ ನಾನು ಯಾರೊಂದಿಗೂ ಒಂದು ಮಾತೂ ಆಡದೆ ಕಳೆದದ್ದುಂಟು. ಹೆಂಡತಿ ಊರಿನ ಶಾಲೆಯ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಫೋನಿನಲ್ಲಿ "ಊಟ ಆಯ್ತಾ" ಅಂತ ಇಬ್ಬರೂ ಕೇಳಿ ಮುಗಿದ ಮೇಲೆ ಫೋನು ಇಟ್ಟುಬಿಡುತ್ತಿದ್ದೆವು.

ನಾಲ್ವರಲ್ಲಿ ಇಬ್ಬರ ಬಗ್ಗೆ ಹೇಳುತ್ತೇನೆ. ಒಬ್ಬ ಯೂಸುಫ್, ಇಲ್ಲಿಯವನೇ, ಹಮದ್ ಟೌನಿನವನು. ಮನೆ ಎಲ್ಲಿ ಅಂದರೆ "ಏಳನೇ ದುವ್ವಾರ್" ಅನ್ನುತ್ತಾನೆ. ದುವ್ವಾರ್ ಅಂದರೆ ರಸ್ತೆಯ ವೃತ್ತ. ಆ ಊರಿನಲ್ಲಿ ವೃತ್ತಗಳಿಗೆ ನಂಬರು, ವಿಳಾಸ ಕೇಳಿದರೆ ನಂಬರು ಹೇಳಿ ಮುಗಿಸುತ್ತಾರೆ. ಇನ್ನೊಬ್ಬ ಮೆಲ್ವಿನ್, ನಮ್ಮ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಮನೆಯವನು, ಹುಟ್ಟಿ ಬೆಳೆದದ್ದು ಇಲ್ಲೇ. ತಾಯಿ ಸೆಲಿನ್ ಬಾಯಿ ಸಲ್ಮಾನಿಯಾದ ಅದೇ ಆಸ್ಪತ್ರೆಯಲ್ಲಿ ನರ್ಸ್, ತಂದೆ ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ. ಮನೆಯಲ್ಲಿ ಕೊಂಕಣಿ, ಬಾಯಲ್ಲಿ ಇಂಗ್ಲಿಷು, ನನ್ನ ಹತ್ತಿರ ಮಾತ್ರ ಹರಕು ಮುರುಕು ಕನ್ನಡ. ಇಲ್ಲಿನ ನಮ್ಮವರು ಚಳಿಗಾಲದ ಶುಕ್ರವಾರಗಳಲ್ಲಿ ಮರಳಿನ ಮೇಲೆ ಗೆರೆ ಎಳೆದು ಆಡುವ ಕಬಡ್ಡಿಯಲ್ಲಿ ಪಳಗಿದ ಹುಡುಗ.

ಪಳಗಿದ್ದು ಎಷ್ಟೆಂದರೆ ಮೊದಲ ಅಭ್ಯಾಸ ಪಂದ್ಯದಲ್ಲೇ ಮರ್ಯಾದೆ ಹೋಯಿತು. ಚೆಂಡು ಹಿಡಿದವನು ಓಡಿ ಬಂದ, ಮೆಲ್ವಿನನ ಭುಜ ತಟ್ಟಿ ತಪ್ಪಿಸಿಕೊಂಡು ಗೆರೆ ದಾಟಿದ. ಆಟ ಇನ್ನೂ ನಡೆಯಬೇಕು, ಈ ಮಹಾರಾಯ ತಲೆ ತಗ್ಗಿಸಿ ನಿಧಾನ ನಡೆದು ಹೋಗಿ ಮೈದಾನದ ಹೊರಗೆ ಕಾಲು ಮಡಚಿ ಕೂತುಬಿಟ್ಟ. ಕೋಚ್ ರೇ ಗಾಬರಿಯಾಗಿ ಐಸ್ ಚೀಲ ಹಿಡಿದು ಓಡಿದ. ಎಲ್ಲಿ ನೋವು, ಎಲ್ಲಿ ನೋವು ಎಂದು ಮಂಡಿ ಒತ್ತಿ ನೋಡಿದ.

"ನೋವಿಲ್ಲ ಕೋಚ್," ಅಂದ ಮೆಲ್ವಿನ್. "ಔಟ್."

ಇಡೀ ಮೈದಾನದಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೇ. ರೈಡರ್ ಮುಟ್ಟಿ ವಾಪಸು ಹೋದರೆ ನಾವು ಹೊರಗೆ ಹೋಗಿ ಕೂರಬೇಕು, ಅದು ನಮ್ಮ ರಕ್ತದಲ್ಲಿ ಬಂದ ಮರ್ಯಾದೆ. ನಿಜ ಹೇಳುತ್ತೇನೆ, ಅವನು ಎದ್ದು ಹೋದಾಗ ನನಗೂ ಅದು ಸರಿಯೆಂದೇ ಕಂಡಿತ್ತು. ವಿವರಿಸಿದ ಮೇಲೆ ರೇ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಒಂದು ತಿಂಗಳು ನನ್ನ ಕೆಲಸ ಇದೇ ಆಯಿತು: ಕಬಡ್ಡಿ ಕಲಿತವನಿಗೆ ಕಬಡ್ಡಿ ಮರೆಸುವುದು. ಅಲ್ಲಿ ನಾವು ಶತ್ರು ಬರಲಿ ಎಂದು ಕಾಯುತ್ತೇವೆ. ಇಲ್ಲಿ ಕಾದವನು ಸತ್ತ. ಇಪ್ಪತ್ತು ವರ್ಷ "ಕಾಯಿ, ಕಾಯಿ, ದುಡುಕಬೇಡ" ಎಂದು ಕೂಗಿದ ಬಾಯಿಂದ "ನುಗ್ಗು" ಎಂದು ಕೂಗುವುದಕ್ಕೆ ನನಗೇ ನಾಲಿಗೆ ತೊಡರುತ್ತಿತ್ತು.

ಆದರೆ ಎಲ್ಲವನ್ನೂ ಮರೆಸಬೇಕಾಗಲಿಲ್ಲ. ಒಂದು ಸಂಜೆ ದೊಡ್ಡ ಓಟಗಾರನೊಬ್ಬ ಎಲ್ಲರನ್ನೂ ಕೆಡವಿಕೊಂಡು ಬರುತ್ತಿದ್ದಾಗ ಮೆಲ್ವಿನ್ ಬಗ್ಗಿ ಅವನ ಹಿಮ್ಮಡಿಗೆ ಕೈ ಹಾಕಿ ಹಿಡಿದ, ನಮ್ಮ ಮೂಲೆಯವರು ಹಿಡಿಯುವ ಹಾಗೆಯೇ. ಓಟಗಾರ ಮೂಟೆಯಂತೆ ಬಿದ್ದ. ರೇ ನನ್ನ ಕಡೆ ತಿರುಗಿ, "ಇದು ಯಾರು ಕಲಿಸಿದ್ದು?" ಅಂದ. ನಾನು ಸುಮ್ಮನೆ ನಕ್ಕೆ. ಮರುದಿನದಿಂದ ನಾಲ್ವರಿಗೂ ಆ ಹಿಡಿತ ಕಲಿಸುವ ಜವಾಬ್ದಾರಿ ನನಗೆ ಬಂತು. ಯೂಸುಫ್‌ನಂಥ ಆಜಾನುಬಾಹುವೂ ಅದನ್ನು ಮೂರೇ ದಿನದಲ್ಲಿ ಕಲಿತ. ಬಂದಾಗಿನಿಂದ ನನಗಾದ ಮೊದಲ ಸಂತೋಷ ಅದು. ಅವತ್ತು ಹೆಂಡತಿಗೆ ಫೋನು ಮಾಡಿ ತುಂಬಾ ಹೊತ್ತು ಮಾತಾಡಿದೆ.

ಇಬ್ಬರೂ ದೊಡ್ಡ ಆಟಗಾರರಾಗುತ್ತಾರೆ ಎಂದು ರೇ ನಂಬಿದ್ದ. ಹೊಗಳಿ ಹಾಳು ಮಾಡುವ ಜಾತಿಯವನಲ್ಲ ಅವನು. "ಯೂಸುಫ್‌ಗೆ ಬಲ ಇದೆ, ಮೆಲ್ವಿನ್‌ಗೆ ಪಾದ ಇದೆ. ಬಲ ಬೆಳೆಸಬಹುದು, ಪಾದ ದೇವರು ಕೊಡಬೇಕು," ಎಂದು ನನ್ನ ಬಳಿ ಹೇಳಿದ್ದ. ಅಮೆರಿಕದ ಒಂದು ಚಿಕ್ಕ ಕಾಲೇಜಿನ ತಂಡದವರಿಗೆ ಮೆಲ್ವಿನನ ವಿಡಿಯೋ ಕಳಿಸಿದ. ಅವರ ಉತ್ತರ ಬಂತು: ಹುಡುಗ ಚೆನ್ನಾಗಿದ್ದಾನೆ, ಇನ್ನೂ ಹಗುರ. ಮೈಗೆ ತೂಕ ಬರಲಿ, ಆ ತೂಕದಲ್ಲಿ ಇನ್ನೊಂದು ಸೀಸನ್ ಆಡಿದ್ದನ್ನು ತೋರಿಸಿ, ಕರೆಸಿಕೊಳ್ಳುತ್ತೇವೆ. ಇನ್ನೊಂದೇ ಸೀಸನ್. ಆ ಮಾತು ಹಿಡಿದುಕೊಂಡು ನಾವೆಲ್ಲ ಒಂದು ವರ್ಷ ಬದುಕಿದೆವು.

ಸೆಲಿನ್ ಬಾಯಿಗೆ ಇದನ್ನು ಹೇಳಲು ನಾನೇ ಹೋದೆ. ಡ್ಯೂಟಿಯಿಂದ ಬಂದವರು ಕಾಲು ನೀಡಿ ಕೂತಿದ್ದರು.

"ಎಂತ ಸರ್, ನನ್ನ ಮಗನಿಗೆ ತಿನ್ಲಿಕ್ಕೆ ಹೇಳ್ಬೇಕಾ? ಅವನ ಬಾಯಿ ಮುಚ್ಚಿಸ್ಲಿಕ್ಕೇ ನಾನು ಇಷ್ಟು ವರ್ಷ ಕಷ್ಟ ಪಟ್ಟದ್ದು," ಅಂದರು.

"ಈಗ ಬಿಚ್ಚಿಸಿ ಬಾಯಿ," ಅಂದೆ. "ಕುಚಲಕ್ಕಿ ಅನ್ನ, ಮೀನು, ಕೋಳಿ, ಎಲ್ಲ ಎರಡು ಪಾಲು."

ನಕ್ಕರು. ಮಾರನೇ ದಿನವೇ ದೊಡ್ಡ ಪಾತ್ರೆ ಒಂದು ಕೊಂಡರು. ನೈಟ್ ಡ್ಯೂಟಿ ಮುಗಿಸಿ ಬಂದು, ಕಣ್ಣು ಎಳೆಯುತ್ತಿದ್ದರೂ ಅಡುಗೆ ಮಾಡಿಟ್ಟೇ ಮಲಗುತ್ತಿದ್ದರು. ವಾರಾಂತ್ಯ ಯೂಸುಫ್‌ನ ಮನೆಯಿಂದ ಮಚ್ಬೂಸ್ ಬರುತ್ತಿತ್ತು, ಮಸಾಲೆ ಅನ್ನದಲ್ಲಿ ಹೂತ ಇಡೀ ಕೋಳಿ. ಮೆಲ್ವಿನನ ಕುತ್ತಿಗೆ ದಪ್ಪವಾಯಿತು, ಅಂಗಿಗಳು ಹರಿದವು, ಚರ್ಚಿಗೆ ಹೋದರೆ ಬೆಂಚಿನವರು ಸರಿದು ಕೂರಬೇಕಾಯಿತು. ನೂರ ಐದು ಕಿಲೋ ತೂಗಿದ ದಿನ ಹುಡುಗರು ಅವನನ್ನು ಹೊತ್ತು ಮೆರೆಸಲು ಹೋಗಿ ಎಲ್ಲರೂ ಒಟ್ಟಿಗೆ ಬಿದ್ದರು. ಊರಿನಲ್ಲಿ ಆ ಸಂಖ್ಯೆ ಕಂಡಿದ್ದರೆ ನಾನು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ಇಲ್ಲಿ ಚಪ್ಪಾಳೆ ತಟ್ಟಿದೆ.

ಇನ್ನೇನು ಎರಡನೇ ಸೀಸನ್ ಶುರುವಾಗಬೇಕು ಅನ್ನುವಾಗ ತಂಡ ಮುಚ್ಚಿತು. ಯಾರೂ ಯಾರನ್ನೂ ಬೈಯುವ ಹಾಗಿರಲಿಲ್ಲ. ರೇಯ ಹೆಂಡತಿಗೆ ಕಾಯಿಲೆ, ಅವನು ಊರಿಗೆ ಹೊರಟ. ಎದುರಾಡುತ್ತಿದ್ದ ಹವ್ಯಾಸಿ ತಂಡಗಳಲ್ಲಿ ಎರಡು ಚದುರಿದವು, ಉಳಿದದ್ದು ಸಮುದ್ರದ ಸೇತುವೆಯಾಚೆಯ ಸೌದಿಯದ್ದು ಒಂದೇ. ಒಂದು ತಂಡದ ಜೊತೆ ಎಷ್ಟು ಸಲ ಆಡುವುದು? ಕಚೇರಿಯವರು ನನ್ನನ್ನು ಕರೆದು ಮೃದುವಾಗಿಯೇ "ಖಲ್ಲಾಸ್" ಅಂದರು. ಮುಗಿಯಿತು ಎನ್ನುವುದಕ್ಕೆ ಇಲ್ಲಿನ ಮಾತು ಅದು. ಚಹಾ ಮುಗಿದರೂ ಅದೇ, ಇದಕ್ಕೂ ಅದೇ. ನನ್ನನ್ನು ಜಿಮ್ ನೋಡಿಕೊಳ್ಳಲು ಹಾಕಿದರು.

ಯೂಸುಫ್‌ಗೂ ಬೇಸರವಾಯಿತು, ಆದರೆ ಅವನಿಗೆ ಏಳನೇ ದುವ್ವಾರ್ ಇದೆ, ಅಪ್ಪನ ಅಂಗಡಿ ಇದೆ, ಜೊತೆಗೆ ಬೆಳೆದ ಗೆಳೆಯರಿದ್ದಾರೆ. ಅವನ ಶಕ್ತಿ ಅವನ ಊರಲ್ಲೇ ವ್ಯರ್ಥವಾದರೂ ಅವನು ಅಲ್ಲಿಯವನು. ಮೆಲ್ವಿನ್ ಕಾಲೇಜಿಗೆ ಸೇರಿದ್ದೇ ಆಟದ ಸೀಟಿನಲ್ಲಿ. ಆಟ ಹೋದ ಮೇಲೆ ಸೀಟೂ ಹೋಯಿತು. ಸೋದರಮಾವನ ಮನೆಯಲ್ಲಿದ್ದು ಓದಲೆಂದು ಅವನನ್ನು ಮಂಗಳೂರಿಗೆ ಕಳಿಸಿದರು. ರಜೆಯಲ್ಲಿ ಬಿಟ್ಟರೆ ಅವನು ಆ ಊರು ಕಂಡವನಲ್ಲ. ವಿಮಾನ ನಿಲ್ದಾಣದಲ್ಲಿ ನಾನು ಅವನಿಗೆ ಧೈರ್ಯ ಹೇಳಿದೆ. "ಅಲ್ಲಿ ಕಬಡ್ಡಿ ಉಂಟಲ್ಲ ಮಾರಾಯ, ನಿನ್ನ ಪಾದಕ್ಕೆ ಯಾವ ತಂಡವಾದರೂ ಕೈ ಮುಗಿದು ಕರೀತದೆ."

ಮಂಗಳೂರಿನಲ್ಲಿ ಅವನು ಸೇರಿದ ಕಾಲೇಜಿನಲ್ಲಿ ಕಬಡ್ಡಿ ಕಲಿಸುವವನು ನನ್ನ ಹಳೆಯ ಗೆಳೆಯ ವಸಂತ. ಫೋನು ಮಾಡಿದೆ.

"ಎಷ್ಟು ತೂಕ?" ಎಂದು ಮೊದಲೇ ಕೇಳಿದ. ಹೇಳಿದೆ.

"ನೀನು ಕಬಡ್ಡಿ ಕಲಿಸಿದವನೇ ಹೌದಾ ಮಾರಾಯ? ಆ ಹುಡುಗನನ್ನು ಯಾವುದಾದರೂ ಯಕ್ಷಗಾನ ಮೇಳಕ್ಕೆ ಸೇರಿಸು, ರಾಕ್ಷಸ ವೇಷಕ್ಕೆ ಜನ ಸಿಗುವುದಿಲ್ಲವಂತೆ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆದರೂ ಗೆಳೆಯ ದೊಡ್ಡ ಮನಸ್ಸಿನವನು, ಇಳಿಸಿಕೊಂಡು ಬಂದರೆ ನೋಡುತ್ತೇನೆ ಅಂದ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ವಸಂತನ ಮೈದಾನಕ್ಕೆ ಹೋದೆ. ಸಂಜೆಯ ಅಭ್ಯಾಸ ನಡೆಯುತ್ತಿತ್ತು. ಎಡಮೂಲೆಯ ಹುಡುಗ ರೈಡರ್‌ಗಾಗಿ ಕಾಯುತ್ತ ನಿಂತಿದ್ದ, ನನಗೆ ಗೊತ್ತಿಲ್ಲದ ಹಾಗೆ ನನ್ನ ಬಾಯಿಂದ "ನುಗ್ಗು" ಎಂದು ಬಂತು. ವಸಂತ ನನ್ನನ್ನು ಅಪರಿಚಿತನನ್ನು ನೋಡುವ ಹಾಗೆ ನೋಡಿದ. ಮೆಲ್ವಿನ್ ಗೆರೆಯ ಹೊರಗೆ ನೀರಿನ ಬಾಟಲಿಗಳನ್ನು ಜೋಡಿಸುತ್ತಿದ್ದ. ಗಲ್ಲ ಒಳಗೆ ಹೋಗಿತ್ತು, ಅಂಗಿ ಜೋತುಬಿದ್ದಿತ್ತು.

"ಇಳಿದೆ ಸರ್," ಅಂದ. "ರಾತ್ರಿ ಊಟ ಬಿಟ್ಟೆ, ತೊಂಬತ್ತಕ್ಕೆ ಬಂದೆ. ಆದ್ರೆ ಬಲವೂ ಜೊತೆಗೇ ಹೋಯ್ತು. ಹಿಡಿದ್ರೆ ಕೈಯಿಂದ ಜಾರ್ತಾರೆ. ಇನ್ನು ಐದು ಕಿಲೋ ಉಂಟು, ಅದು ಮೂಳೆ ಅಂತ ಡಾಕ್ಟ್ರು ಹೇಳಿದ್ರು."

"ಹುಡುಗರು ಹೇಗೆ?"

"ಒಳ್ಳೆಯವರು. ನನ್ನನ್ನು ಗಲ್ಫ್ ಅಂತ ಕರೀತಾರೆ. ಅಲ್ಲಿ ಎಲ್ಲರೂ ಹಿಂದಿ ಅಂತ ಕರೀತಿದ್ರು, ಇಂಡಿಯಾದವನು ಅಂತ." ಬಾಟಲಿಯ ಮುಚ್ಚಳ ಬಿಗಿ ಮಾಡಿದ. "ಅಭ್ಯಾಸ ಉಂಟು ಸರ್."

ನಾನು ಅವನ ಪಾದಗಳನ್ನು ಮಾತ್ರ ನೋಡುತ್ತಿದ್ದೆ. ಬಾಟಲಿಯ ಸಾಲು ದಾಟುವಾಗ ಕೂಡ ಅವು ಹಗುರವಾಗಿ, ಸರಿಯಾದ ಜಾಗಕ್ಕೇ ಬೀಳುತ್ತಿದ್ದವು. ಅಲ್ಲಿಂದ ಹೊರಟು ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂತೆ. ಮನೆಗೆ ಹೋದರೆ ಹೆಂಡತಿ, "ಬಂದ ದಿನದಿಂದ ನೀವು ಅಲ್ಲಿಯ ವಿಷಯವೇ ಮಾತಾಡ್ತೀರಿ," ಅಂದಳು. ಅಲ್ಲಿರುವಾಗ ದಿನವಿಡೀ ಇಲ್ಲಿಯದ್ದೇ ಮಾತಾಡುತ್ತೇನೆ ಎಂದು ಅವಳಿಗೆ ಹೇಗೆ ಹೇಳುವುದು.

ಬಹ್ರೇನಿಗೆ ಮರಳಿದ ವಾರ ಸೆಲಿನ್ ಬಾಯಿಯ ಮನೆಗೆ ಹೋದೆ. ಮೆಲ್ವಿನನ ಸೋದರಮಾವ ಕೊಟ್ಟ ಹಪ್ಪಳ, ಉಪ್ಪಿನಕಾಯಿ ತಲುಪಿಸಬೇಕಿತ್ತು. ಅವರು ಚಹಾ ಕೊಟ್ಟರು. ಅವನು ಸೊರಗಿದ್ದಾನಾ, ಓದುತ್ತಾನಾ, ಚರ್ಚಿಗೆ ಹೋಗುತ್ತಾನಾ ಎಂದೆಲ್ಲ ವಿಚಾರಿಸಿದರು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಹಪ್ಪಳದ ಕಟ್ಟನ್ನು ಪಕ್ಕಕ್ಕೆ ಸರಿಸಿ ಕೇಳಿದರು.

"ಒಂದು ಕೇಳ್ತೇನೆ, ನಿಜ ಹೇಳಿ ಸರ್. ಅವನು ಅಷ್ಟು ಒಳ್ಳೆ ಆಟಗಾರ ಇದ್ದನಾ? ಅಮೆರಿಕಕ್ಕೆ ಹೋಗುವಷ್ಟು? ಅಥವಾ ನನ್ನ ಮನಸ್ಸಿಗೆ ಸಂತೋಷ ಆಗ್ಲಿ ಅಂತ ನೀವೆಲ್ಲ ಹೇಳಿದ್ದಾ?"

ಅವರ ಅಡುಗೆ, ಅವರ ನಿದ್ದೆ, ಅವರ ಮಗ ಪಟ್ಟ ಕಷ್ಟ ಎಲ್ಲ ನನ್ನ ಕಣ್ಣ ಮುಂದೆ ಬಂತು. ಅವರ ಕಷ್ಟಕ್ಕೆ ಬೆಲೆ ಇತ್ತು ಎಂದು ಅವರಿಗೆ ಗೊತ್ತಾಗಲಿ ಅನ್ನಿಸಿತು.

"ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಅಂಥ ಹುಡುಗ ಬಂದದ್ದಿಲ್ಲ ಬಾಯಿ," ಅಂದೆ. "ಇನ್ನೊಂದು ಸೀಸನ್ ಸಿಕ್ಕಿದ್ದರೆ ಖಂಡಿತ ಹೋಗುತ್ತಿದ್ದ."

ಸೆಲಿನ್ ಬಾಯಿ ಎದ್ದು ನನ್ನ ಖಾಲಿ ಲೋಟ ತೆಗೆದುಕೊಂಡರು. ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ನಿಂತರು, ನನ್ನ ಕಡೆ ತಿರುಗಲಿಲ್ಲ.

"ಅವನಿಗೆ ನಾನು ದಿನಾ ಫೋನಲ್ಲಿ ಹೇಳ್ತೇನೆ, ಅದೆಲ್ಲ ಬರೀ ಆಟ, ನೀನು ಕಳಕೊಂಡದ್ದು ಏನೂ ಇಲ್ಲ ಅಂತ," ಅಂದರು. "ನೀವು ನನಗೂ ಹಾಗೆ ಹೇಳ್ಬಹುದಿತ್ತು ಸರ್."