ದಣಿದ ತಲೆಗಳನ್ನು ತೊಳೆಯುವ ವಿಜ್ಞಾನಿ

ಬೆಳಕು ಹರಿಯುವ ಹೊತ್ತು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕಿರುಕೋಣೆಯಲ್ಲಿ, ಮಿದುಳು ವಿಜ್ಞಾನಿಯೊಬ್ಬರು ಸತತ ಎರಡು ಪಾಳಿ ಮುಗಿಸಿ ಬಂದ ನರ್ಸಿನ ತಲೆಗೆ ತಂತಿಗಳ ಟೋಪಿ ತೊಡಿಸುತ್ತಿದ್ದಾರೆ.

"ಏನಮ್ಮ, ದಣಿವಾಗಿದೆಯಾ?"

"ಇಲ್ಲಕ್ಕ, ಗುಂಡುಕಲ್ಲಿನ ಹಾಗಿದ್ದೀನಿ."

ಪರದೆಯಲ್ಲಿ ಕೆಂಪು ಚುಕ್ಕೆ ಕಂಡರೆ ಗುಂಡಿ ಒತ್ತಬೇಕು, ಹಸಿರು ಕಂಡರೆ ಸುಮ್ಮನಿರಬೇಕು. ಪರೀಕ್ಷೆ ಮುಗಿದು ಪರದೆ ಕಪ್ಪಾಗುತ್ತದೆ. ಗುಂಡಿಯನ್ನು ತೆಗೆದಿಟ್ಟದ್ದೂ ಆಯಿತು. ನರ್ಸಿನ ಹೆಬ್ಬೆರಳು ಮಾತ್ರ ಬರಿಗಾಳಿಯನ್ನು ಒತ್ತುತ್ತಲೇ ಇದೆ.

"ನೋಡಿ, ಇದನ್ನೇ ನಾನು ಇಷ್ಟು ವರ್ಷ ಅಳೀತಿರೋದು," ಎನ್ನುತ್ತಾರೆ ವಿಜ್ಞಾನಿ, ನಮ್ಮತ್ತ ತಿರುಗಿ. "ದಣಿದ ತಲೆಗೆ ತಾನು ದಣಿದಿದ್ದೀನಿ ಅನ್ನೋದೇ ಗೊತ್ತಾಗಲ್ಲ."

ತಂತಿ ಹಿಡಿದಿಡಲು ಹಚ್ಚುವ ಅಂಟು ಕೂದಲಿನಲ್ಲಿ ಒಣಗಿ ಗಟ್ಟಿಯಾಗುತ್ತದೆ. ಬೇರೆಡೆ ಟವೆಲ್ ಕೊಟ್ಟು ಕಳುಹಿಸುವುದು ರೂಢಿ. ಇವರು ತಾವೇ ಶಾಂಪೂ ಹಚ್ಚಿ ಬೆಚ್ಚನೆಯ ನೀರಿನಲ್ಲಿ ತೊಳೆಯುತ್ತಾರೆ. ಅಸಲು ಮಾತು ಹೊರಡುವುದು ಆಗಲೇ.

"ಮೊನ್ನೆ ಒಬ್ಬ ಅಜ್ಜಿಗೇ ಎರಡು ಸಲ ಇಂಜೆಕ್ಷನ್ ಕೊಡೋಕೆ ಹೋಗಿದ್ದೆ ಅಕ್ಕ," ಎನ್ನುತ್ತಾಳೆ ಬೋಗುಣಿಗೆ ಬಾಗಿದ ನರ್ಸು. "ಆ ಅಜ್ಜಿನೇ ಕೈ ಹಿಡ್ಕೊಂಡು, 'ಈಗ ತಾನೇ ಚುಚ್ಚಿದೆಯಲ್ಲೇ ಮಗಳೇ, ನನ್ನ ಮೇಲೇನು ಹಗೆ?' ಅಂದ್ರು." ನಗುತ್ತಲೇ ಹೇಳುತ್ತಾಳೆ, ಬೋಗುಣಿಯ ಅಂಚನ್ನು ಮಾತ್ರ ಬಿಡುವುದಿಲ್ಲ.

ಜೋಡಿ ಪಾಳಿ ನಿಲ್ಲಲೇಬೇಕೆಂದು ವಿಜ್ಞಾನಿ ವರದಿ ಕೊಟ್ಟರು. ಆಡಳಿತ ಮಂಡಳಿ ಅದನ್ನು ಓದಿ ಕೇಳಿದ್ದು ಒಂದೇ: ಯಾರ ಮಿದುಳು ಬೇಗ ದಣಿಯುತ್ತದೆ? ಹೆಸರು ಕೊಡಿ, ಅವರನ್ನು ಕೆಲಸ ಬಿಡಿಸಿ ಮನೆಗೆ ಕಳುಹಿಸುತ್ತೇವೆ. ಗಾದೆಯಲ್ಲಿ ಎತ್ತಿಗೆ ಜ್ವರ ಬಂದರೆ ಬರೆ ಬೀಳುವುದು ಎಮ್ಮೆಗೆ. ಇಲ್ಲಿ ಜ್ವರ ತರಿಸಿದವರೇ ಜ್ವರ ಬಂದ ಎತ್ತಿಗೆ ಬರೆ ಎಳೆಯುತ್ತಿದ್ದಾರೆ. ಇಬ್ಬರ ಕೆಲಸವನ್ನು ಒಬ್ಬಳ ಹೆಗಲಿಗೇರಿಸಿ, ಕುಸಿದದ್ದು ಅವಳ ತಪ್ಪೆನ್ನುವುದು ಯಾವ ಸೀಮೆಯ ನ್ಯಾಯ? ಹೆಸರು ಕೊಡದಿದ್ದರೆ ಶನಿವಾರ ಈ ಕೋಣೆಗೆ ಬೀಗ ಬೀಳುತ್ತದೆ.

ವಿಜ್ಞಾನಿಯ ಮನೆಯಲ್ಲಿ ಗಂಡ ಕೆಣಕುತ್ತಾರಂತೆ: "ಊರವರ ತಲೆಯೆಲ್ಲ ಅಳೀತೀಯ, ನಿನ್ನದನ್ನ ಅಳೆಯೋರು ಯಾರೇ?"

"ಬೀಗ ಹಾಕ್ಲಿ ಬಿಡಿ," ಎನ್ನುತ್ತಾರೆ ಇವರು, ನರ್ಸಿನ ತಲೆಗೆ ಇನ್ನೊಂದು ತಂಬಿಗೆ ನೀರು ಸುರಿಯುತ್ತ. "ನಂಬಿ ತಲೆ ಕೊಟ್ಟವರು ಈ ನರ್ಸುಗಳು. ಒಂದು ನಲ್ಲಿ, ಒಂದು ಸ್ಟೂಲು ಎಲ್ಲಾದ್ರೂ ಸಿಕ್ಕಿದ್ರೆ ಸಾಕು."

ನೀರಿನ ಸದ್ದಿನ ನಡುವೆ ನರ್ಸಿನ ದನಿ ಸಣ್ಣಗಾಗುತ್ತದೆ. "ಅಕ್ಕ, ನನ್ನ ಹೆಸರು ಕೊಟ್ಟುಬಿಟ್ರಾ?"

"ನಿನ್ನ ಹೆಸರೇ ಮರೆತುಹೋಯ್ತಲ್ಲೇ! ನಂಗೂ ದಣಿವು. ಕಣ್ಣು ಮುಚ್ಕೋ, ನೊರೆ ಇಳಿಯುತ್ತೆ."